ಭೌತಶಾಸ್ತ್ರದ ಮೇಷ್ಟ್ರು ದೃಷ್ಟಿ ತೆಗೆಸಿಕೊಂಡರು. ಮಾಟ, ಮಂತ್ರ, ದೃಷ್ಟಿ ಮನುಷ್ಯನಿಗೆ ಯಾಕೆ ಬೇಕು?

ತಿಪಟೂರು_ತೆಂಗು (ಚರ್ಚೆ ಶುರು ಮಾಡಿದವರು)

ನಮ್ಮಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. 1976ರಲ್ಲಿ ಬೆಂಗಳೂರಿನಲ್ಲಿ ಬಿಎಸ್ಸಿ ಓದುತ್ತಿದ್ದರು. ಆಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ. ಪವಾಡಗಳನ್ನು ಪರೀಕ್ಷೆ ಮಾಡೋಕೆ ಅವರು ಸಮಿತಿ ಮಾಡಿದ್ದು ಅದೇ ವರ್ಷ. ಎಚ್ಚೆನ್ ಭಾಷಣ ಎಲ್ಲಿದ್ದರೂ ಅಪ್ಪ ಸೈಕಲ್ ಹತ್ತಿ ಹೋಗುತ್ತಿದ್ದರಂತೆ.

1980ರ ಫೆಬ್ರವರಿ 16ರ ಸೂರ್ಯಗ್ರಹಣ ಹಿರಿಯರಿಗೆ ನೆನಪಿರಬಹುದು. ಕಾರವಾರದಿಂದ ರಾಯಚೂರಿನವರೆಗೆ ಹಗಲಲ್ಲೇ ಕತ್ತಲಾಗಿತ್ತು. ನಮ್ಮ ಕಡೆ ಪೂರ್ತಿ ಗ್ರಹಣ ಇರಲಿಲ್ಲ. ಆದರೂ ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಅಪ್ಪ ರಟ್ಟಿಗೆ ತೂತು ಮಾಡಿ, ಸೂರ್ಯನ ಬಿಂಬವನ್ನು ಹಾಳೆಯ ಮೇಲೆ ಬೀಳಿಸಿ, ಬಂದ ನಾಲ್ಕು ಹುಡುಗರಿಗೆ ತೋರಿಸುತ್ತಾ ಮಂಡಕ್ಕಿ ತಿಂದರಂತೆ. 1995ರಲ್ಲಿ ಗಣೇಶ ಹಾಲು ಕುಡಿದ ದಿನ ನಮ್ಮನೆ ಒರಳಿನ ಗುಂಡುಕಲ್ಲಿಗೂ ಚಮಚದಲ್ಲಿ ಹಾಲು ಕುಡಿಸಿದರು. ಅದೂ ಚೆನ್ನಾಗಿಯೇ ಕುಡಿಯಿತು. ಅವತ್ತು ನಾನು ಎದುರಿಗೇ ಇದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಅಪ್ಪನಿಗೆ ಬೈಪಾಸ್ ಆಯಿತು. ಹಿಂದಿನ ರಾತ್ರಿ ವಾರ್ಡಿನಲ್ಲಿ ನಾವು ಮೂವರೇ. ಅಮ್ಮ ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದರು. ಕಲ್ಲುಪ್ಪು, ಒಣಮೆಣಸಿನಕಾಯಿ, ಸಾಸಿವೆ. ನಮಗೆಲ್ಲ ಚಿಕ್ಕಂದಿನಲ್ಲಿ ದೃಷ್ಟಿ ತೆಗೆಯುವಾಗ ಅಪ್ಪ ಮನೇಲಿಲ್ಲದ ಹೊತ್ತು ನೋಡಿ ತೆಗೆಯುತ್ತಿದ್ದ ಅಮ್ಮ, ಅವತ್ತು ಅವರೆದುರೇ ಮುಷ್ಟಿ ಕಟ್ಟಿ ನಿಂತರು. ಅಪ್ಪ ಬೈತಾರೆ ಅಂದುಕೊಂಡೆ. ಅವರು ಪೇಪರ್ ಮಡಚಿಟ್ಟು, ಕನ್ನಡಕ ತೆಗೆದು, ಬೆಡ್ಡಿನ ಮೇಲೆ ನೆಟ್ಟಗೆ ಕೂತರು. 'ಹೂಂ, ತೆಗಿ' ಅಂದರು. ಅಮ್ಮ 'ಊರ ಕಣ್ಣು, ಕೇರಿ ಕಣ್ಣು, ಹೋಗೋರ ಕಣ್ಣು, ಬರೋರ ಕಣ್ಣು' ಅಂತ ಮೂರು ಸುತ್ತು ನಿವಾಳಿಸಿದರು.

ಅಪ್ಪ ಈಗ ಮನೆಗೆ ಬಂದಿದ್ದಾರೆ, ಹುಷಾರಾಗಿದ್ದಾರೆ. ಆದರೆ ನನಗೆ ಆ ದೃಶ್ಯ ಮರೆಯೋಕೆ ಆಗುತ್ತಿಲ್ಲ. ಅವರನ್ನೇ ಕೇಳುವ ಧೈರ್ಯ ಇಲ್ಲ. ಮೇಷ್ಟ್ರು ಸೋತರಾ? ಅಥವಾ ಈ ದೃಷ್ಟಿ, ಮಾಟ, ಮಂತ್ರ ಅನ್ನೋದನ್ನ ನಾನೇ ತಪ್ಪು ತಿಳಿದುಕೊಂಡಿದ್ದೇನಾ? ಪ್ರಪಂಚದಲ್ಲಿ ಇದಿಲ್ಲದ ಜನ ಇಲ್ಲ ಅಂತಾರಲ್ಲ, ಯಾಕೆ?

ಪುಟ್ಟಕ್ಕ_ಹಾಸನ

ಅದೆಲ್ಲ ಇರಲಿ ತಮ್ಮಾ, ಆಮೇಲೆ ಮೆಣಸಿನಕಾಯಿ ಒಲೆಗೆ ಹಾಕಿದ್ರಾ? ಘಾಟು ಬಂತಾ? ಘಾಟು ಬರದಿದ್ರೆ ದೃಷ್ಟಿ ಜೋರಾಗೇ ಇತ್ತು ಅಂತ ಲೆಕ್ಕ.

ತಿಪಟೂರು_ತೆಂಗು

ಅಕ್ಕಾ, ಆಸ್ಪತ್ರೇಲಿ ಒಲೆ ಎಲ್ಲಿಂದ ತರೋದು! ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲಿ ಬೆಂಕಿ ಹಚ್ಚಿದ್ರೆ ಊರ ಕಣ್ಣು ಬೇಕಾಗಿರಲಿಲ್ಲ. ಅಮ್ಮ ಪೊಟ್ಟಣ ಕಟ್ಟಿ ವಾಪಸ್ ಬ್ಯಾಗಿಗೆ ಹಾಕಿಕೊಂಡರು.

ಗೂಬೆಕಲ್ಲು

ತಿಪಟೂರು ಸರ್, ಬೇಗ ಹುಷಾರಾಗಲಿ ನಿಮ್ಮ ತಂದೆ. ನಾನು ಮಾನವಶಾಸ್ತ್ರ ಓದಿ ಈಗ ಬೇರೆ ಕೆಲಸ ಮಾಡುತ್ತಿರುವವನು. ನಿಮ್ಮ ಪ್ರಶ್ನೆಗೆ ನೂರು ವರ್ಷದ ಹಿಂದಿನ ಒಂದು ಉತ್ತರ ಇದೆ, ಈಗಲೂ ಹಳಸಿಲ್ಲ.

ಮ್ಯಾಲಿನೋವ್ಸ್ಕಿ ಅಂತ ಪೋಲೆಂಡಿನಲ್ಲಿ ಹುಟ್ಟಿದ ಸಂಶೋಧಕ. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಿಂದ 1918ರ ನಡುವೆ, ನ್ಯೂಗಿನಿಯ ಪೂರ್ವಕ್ಕಿರುವ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಟೆಂಟು ಹಾಕಿಕೊಂಡು ಅಲ್ಲಿನ ಜನರ ಜೊತೆ ಬದುಕಿದ. ಅವರು ಎರಡು ಥರ ಮೀನು ಹಿಡಿಯುತ್ತಿದ್ದರು. ಒಂದು ದ್ವೀಪದ ಒಳಗಿನ ಶಾಂತ ಹಿನ್ನೀರಿನಲ್ಲಿ. ಅಲ್ಲಿ ನೀರಿಗೆ ಒಂದು ಬೇರಿನ ವಿಷ ಬೆರೆಸಿದರೆ ಮೀನು ಸಿಕ್ಕೇ ಸಿಗುತ್ತಿತ್ತು, ಅಪಾಯವೂ ಇಲ್ಲ. ಇನ್ನೊಂದು ತೆರೆದ ಕಡಲಿನಲ್ಲಿ. ಅಲ್ಲಿ ಗಾಳಿ, ಶಾರ್ಕ್, ಎಲ್ಲವೂ ಅದೃಷ್ಟ. ಹಿನ್ನೀರಿನ ಮೀನುಗಾರಿಕೆಗೆ ಮಂತ್ರವೇ ಇರಲಿಲ್ಲ. ತೆರೆದ ಕಡಲಿಗೆ ಹೋಗೋಕೆ ಮುಂಚೆ ಮಾತ್ರ ದೊಡ್ಡ ಮಂತ್ರವಿಧಿ.

ಅವರೇನು ದಡ್ಡರಾಗಿರಲಿಲ್ಲ. ತೋಟಕ್ಕೆ ಮಂತ್ರ ಹಾಕಿದ ಮೇಲೆ ಕಳೆ ಕೀಳೋದನ್ನ ಬಿಟ್ಟು ಮಲಗುತ್ತಿರಲಿಲ್ಲ. ಬೇಲಿ ಮುರಿದರೆ ಬೇಲಿ ಕಟ್ಟುತ್ತಿದ್ದರು, ಮಂತ್ರದಿಂದ ಸರಿಮಾಡೋಕೆ ಹೋಗುತ್ತಿರಲಿಲ್ಲ. ಕೈಲಾಗುವಷ್ಟು ಕೆಲಸ, ಕೈ ಮೀರಿದ್ದಕ್ಕೆ ಮಂತ್ರ. ನಿಮ್ಮಮ್ಮ ಬೈಪಾಸ್ ಬದಲು ಮೆಣಸಿನಕಾಯಿ ತಂದಿಲ್ಲ, ಅಲ್ವಾ? ಬೈಪಾಸ್ ಜೊತೆಗೆ ತಂದರು.

ಕಡಲತಡಿ

ಮಾರಾಯ್ರೆ, ಈ ಕಥೆಯನ್ನು ನಾನೂ ಕಾಲೇಜಿನಲ್ಲಿ ಕೇಳಿದ್ದೇನೆ. ನಮ್ಮದು ಮಲ್ಪೆ ಕಡೆ ಮೀನುಗಾರರ ಮನೆ. ಅರ್ಧ ಸರಿ, ಅರ್ಧ ಇಲ್ಲ.

ಸರಿ ಹೇಗೆ ಅಂದರೆ, ದಡದಲ್ಲಿ ನಿಂತು ಕೈರಂಪಣಿ ಎಳೆಯುವವರಿಗೆ ದೊಡ್ಡ ಹರಕೆ ಏನಿಲ್ಲ. ಬಲೆ ಎಳೆಯುವಾಗ ಒಂದು ಸಲ ಕೈ ಮುಗಿದರೆ ಆಯಿತು. ಆಳಸಮುದ್ರದ ಬೋಟಿಗೆ ಹೋದರೆ ಹತ್ತು ಹತ್ತು ದಿವಸ ನೆಲ ಕಾಣುವುದಿಲ್ಲ. ಜೂನ್ ಒಂದರಿಂದ ಜುಲೈ ಕೊನೆವರೆಗೆ 61 ದಿವಸ ಬಂದ್. ಅದು ಮುಗಿದು ಕಡಲಿಗೆ ಇಳಿಯುವಾಗ ಸಮುದ್ರಪೂಜೆ ಇದೆ, ಹಾಲು ಎರೆದು ತೆಂಗಿನಕಾಯಿ ಬಿಡುತ್ತೇವೆ. ಕಡಲ ದೈವ ಬೊಬ್ಬರ್ಯನಿಗೆ ಹೇಳದೆ ನನ್ನ ಅಜ್ಜ ಕಡಲಿಗೆ ಕಾಲಿಟ್ಟವರಲ್ಲ.

ಸರಿಯಿಲ್ಲ ಹೇಗೆ ಅಂದರೆ, ಅಜ್ಜನ ಕಾಲದಲ್ಲಿ ನಕ್ಷತ್ರ ನೋಡಿ ಬರುತ್ತಿದ್ದರು. ಈಗ ನಮ್ಮ ತಾಂಡೇಲನ (ಬೋಟು ನಡೆಸುವವನ) ಎದುರು ಜಿಪಿಎಸ್ ಇದೆ, ವಯರ್‌ಲೆಸ್ ಇದೆ, ಮೀನಿನ ಹಿಂಡು ತೋರಿಸುವ ಯಂತ್ರ ಇದೆ, ಮೊಬೈಲಿಗೆ ಹವಾಮಾನದ ಎಚ್ಚರಿಕೆ ಬರುತ್ತದೆ. ಮ್ಯಾಲಿನೋವ್ಸ್ಕಿ ಲೆಕ್ಕದಲ್ಲಿ ಪೂಜೆ ಕಡಿಮೆ ಆಗಬೇಕಿತ್ತು. ಆಗಿದೆಯಾ? ಇಲ್ಲ! ಜಾಸ್ತಿಯೇ ಆಗಿದೆ. ಅಜ್ಜ ಒಂದು ತೆಂಗಿನಕಾಯಿ ಒಡೆಯುತ್ತಿದ್ದರು. ಈಗ ಶಾಮಿಯಾನ, ಮೈಕು, ಊಟ.

ನನಗನಿಸುವುದು, ಹೆದರಿಕೆ ಕಡಲಿನಿಂದ ಬ್ಯಾಂಕಿಗೆ ಹೋಗಿದೆ. ಬೋಟಿಗೆ ಕೋಟಿಗಟ್ಟಲೆ ಸಾಲ. ಅಲೆ ಬಂದರೆ ತಾಂಡೇಲ ನೋಡಿಕೊಳ್ಳುತ್ತಾನೆ. ಡೀಸೆಲ್ ರೇಟು ಯಾವ ಯಂತ್ರದಲ್ಲೂ ಕಾಣುವುದಿಲ್ಲ.

ಗೂಬೆಕಲ್ಲು

ಕಡಲತಡಿ, ಇದನ್ನ ಬರೆದಿಟ್ಟುಕೊಳ್ಳುತ್ತೇನೆ. ಇಸ್ರೋದವರು ರಾಕೆಟ್ಟಿನ ಪುಟ್ಟ ಮಾದರಿಯನ್ನು ತಿರುಪತಿಗೆ ಒಯ್ದು ಪೂಜೆ ಮಾಡಿಸುತ್ತಾರಲ್ಲ, ಅದೂ ಹೀಗೆಯೇ. ತಂತ್ರಜ್ಞಾನ ಬಂದಷ್ಟೂ ಕೈ ಮೀರಿದ್ದು ಕಡಿಮೆ ಆಗುತ್ತೆ ಅಂದುಕೊಂಡಿದ್ದೆವು. ಕಡಿಮೆ ಆಗಲ್ಲ, ಜಾಗ ಬದಲಾಯಿಸುತ್ತೆ.

ಕೊಳ್ಳೇಗಾಲದೋನು

ಹಿಂಗೆ ಮಾಟದ ಮಾತು ಬಂದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತೆ. ರಾಜ್ಯದ ಯಾವ ಬಸ್ಟ್ಯಾಂಡಿಗೆ ಹೋದರೂ ಗೋಡೆ ಮೇಲೆ ನಮ್ಮೂರಿನ ಹೆಸರು. 'ಕೊಳ್ಳೇಗಾಲದ ಪಂಡಿತರು, ಸ್ತ್ರೀ ಪುರುಷ ವಶೀಕರಣ, ಒಂದೇ ದಿನದಲ್ಲಿ ಪರಿಹಾರ.' ಇವರಲ್ಲಿ ಎಷ್ಟೋ ಜನ ನಮ್ಮೂರು ನೋಡಿಯೇ ಇರಲ್ಲ. ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳೋಕೆ ಹೋದಾಗ ಓನರ್ ಆಂಟಿ 'ಯಾವೂರಪ್ಪ' ಅಂದರು. ಹೇಳಿದೆ. ಎರಡು ಹೆಜ್ಜೆ ಹಿಂದೆ ಹೋದರು. ನಾನು ರೇಷ್ಮೆ ವ್ಯಾಪಾರ ಮಾಡೋನು ಕಣ್ರೀ!

ನಮ್ಮ ಸೀಮೆಯ ಅಲೌಕಿಕ ಅಂದರೆ ಆ ಬೋರ್ಡುಗಳಲ್ಲ. ಚಿಕ್ಕಲ್ಲೂರು ಜಾತ್ರೆಗೆ ಒಂದು ಸಲ ಬನ್ನಿ. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡ್ತಾರೆ. ಆ ಹಾಡಿನ ಕಥೇಲಿ ಮಂಟೇಸ್ವಾಮಿ ಅನ್ನೋ ಸಂತ ತನ್ನ ಶಿಷ್ಯ ಸಿದ್ದಪ್ಪಾಜಿಯನ್ನ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಕಳಿಸ್ತಾನೆ. ಅಲ್ಲಿನ ಪಾಂಚಾಳರು, ಅಂದರೆ ಕಬ್ಬಿಣದ ಕೆಲಸದವರು, ಕೊಡಲ್ಲ, ಕಾಟ ಕೊಡ್ತಾರೆ, ಒಂದಾದ ಮೇಲೊಂದು ಪರೀಕ್ಷೆ ಒಡ್ಡುತ್ತಾರೆ. ಸಿದ್ದಪ್ಪಾಜಿ ಪವಾಡದಿಂದ ಗೆಲ್ತಾನೆ. ಅದನ್ನ ಕೇಳೋರು ಯಾರು? ದಿನವಿಡೀ ಬೇರೆಯವರ ಹೊಲದಲ್ಲಿ ದುಡಿದು ಬಂದವರು. ಪವಾಡ ಅಂದರೆ ಅಲ್ಲಿ ಕಣ್ಕಟ್ಟಲ್ಲ. ಇಲ್ಲದವನು ಇದ್ದವನ ಮುಂದೆ ಗೆಲ್ಲೋಕೆ ಇರೋ ಒಂದೇ ದಾರಿ ಅದು.

ಇನ್ನು 'ಹಳ್ಳಿಯವರ ಮೂಢನಂಬಿಕೆ' ಅನ್ನೋರಿಗೆ ನಮ್ಮ ಜಿಲ್ಲೆಯದೇ ಉದಾಹರಣೆ. ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ತಾರೆ ಅನ್ನೋ ಮಾತು. 1989ರಲ್ಲಿ ಬೊಮ್ಮಾಯಿ, 1990ರಲ್ಲಿ ವೀರೇಂದ್ರ ಪಾಟೀಲ್ ಅಧಿಕಾರ ಕಳೆದುಕೊಂಡಾಗ ಈ ಮಾತು ಗಟ್ಟಿಯಾಯಿತು. 1997ರಲ್ಲಿ ಹೊಸ ಜಿಲ್ಲೆ ಉದ್ಘಾಟನೆ ಮಾಡೋಕೆ ಬಂದ ಜೆ.ಎಚ್. ಪಟೇಲರು ಜಿಲ್ಲಾ ಕೇಂದ್ರ ಬಿಟ್ಟು ಮಾದೇಶ್ವರನ ಬೆಟ್ಟದಲ್ಲಿ ಉದ್ಘಾಟನೆ ಮಾಡಿದರು! ಆಮೇಲೆ ಬಂದವರೂ ಸುಮಾರು ಜನ ಈ ಕಡೆ ತಲೆ ಹಾಕಲಿಲ್ಲ. ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದರು, 2013ರಿಂದ 2018ರವರೆಗೆ ಐದು ವರ್ಷ ಪೂರ್ತಿ ಮಾಡಿದರು. ಶಾಪ ಮುಗೀತು ಅಂದುಕೊಂಡೆವು. 2018ರಲ್ಲಿ ಅವರು ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಸೋತಾಗ ನಮ್ಮ ಅಂಗಡಿ ಮುಂದೆ ಟೀ ಕುಡಿಯುತ್ತಿದ್ದವರು 'ನೋಡಿದ್ರಾ, ಸ್ವಲ್ಪ ಲೇಟಾಗಿ ತಟ್ತು' ಅಂದರು.

ಇದರಿಂದ ನಷ್ಟ ಯಾರಿಗೆ? ನಮಗೆ. ಮುಖ್ಯಮಂತ್ರಿ ಬರದ ಊರಿಗೆ ರಸ್ತೆಯೂ ಲೇಟಾಗಿಯೇ ಬರುತ್ತೆ.

ಪುಟ್ಟಕ್ಕ_ಹಾಸನ

'ಸ್ವಲ್ಪ ಲೇಟಾಗಿ ತಟ್ತು' 😂 ರಾಜಕೀಯಕ್ಕಿಂತ ದೊಡ್ಡ ತೆರೆದ ಕಡಲು ಯಾವುದಿದೆ ಹೇಳಿ!

ಬೀದರ್_ಟು_ಬರ್ಲಿನ್

ನಮ್ಮ ಕಡೆ ದೃಷ್ಟಿ ಅನ್ನಲ್ಲ, 'ನದರು' ಅಂತೀವಿ. 'ಕೂಸಿಗೆ ನದರ ಹತ್ಯದ' ಅಂದ್ರೆ ಅಜ್ಜಿ ಉಪ್ಪು ಹಿಡಿದು ಬಂದಳು ಅಂತಲೇ ಅರ್ಥ. ಇಲ್ಲಿ ಬರ್ಲಿನ್‌ನಲ್ಲಿ ನಮ್ಮ ಕೆಳಗಿನ ಮನೆಯವರು ಟರ್ಕಿ ಮೂಲದವರು. ಮಗಳು ಹುಟ್ಟಿದಾಗ ನೀಲಿ ಗಾಜಿನ ಕಣ್ಣು ತಂದು ತೊಟ್ಟಿಲಿಗೆ ಕಟ್ಟಿದರು. 'ಏನಿದು' ಅಂದೆ. 'ನಜರ್' ಅಂದರು. ನನಗೆ ಅಲ್ಲೇ ನಗು, ಅಲ್ಲೇ ಅಳು. ಅರಬ್ಬಿಯಿಂದ ಹೊರಟ ಒಂದೇ ಪದ. ಒಂದು ಕಡೆ ಟರ್ಕಿಗೆ ಹೋಗಿ ನೀಲಿ ಮಣಿಯಾಗಿದೆ, ಇನ್ನೊಂದು ಕಡೆ ಪರ್ಶಿಯನ್, ಉರ್ದು ದಾಟಿ ನಮ್ಮ ಬೀದರಿಗೆ ಬಂದು ನದರಾಗಿದೆ.

ನನಗೆ ಜರ್ಮನ್ ಆಗ ಸರಿಯಾಗಿ ಬರುತ್ತಿರಲಿಲ್ಲ. ಅವರಿಗೆ ಇಂಗ್ಲಿಷ್ ಇಲ್ಲ. 'ನಿಮ್ಮ ಮಗು ಚೆನ್ನಾಗಿರಲಿ' ಅನ್ನೋಕೆ ನಮ್ಮಿಬ್ಬರ ನಡುವೆ ಇದ್ದದ್ದು ಅದೊಂದೇ ಪದ. ಕೆಲಸ ಮಾಡ್ತದೋ ಇಲ್ಲೋ ಗೊತ್ತಿಲ್ಲ. ಮಣಿ ಇನ್ನೂ ತೊಟ್ಟಿಲಲ್ಲೇ ಇದೆ.

ಪ್ರಶ್ನೆಚಿಹ್ನೆ

ಎಲ್ಲರೂ ಸೇರಿ ಮೂಢನಂಬಿಕೆಗೆ ಚೆನ್ನಾಗಿ ಸುಣ್ಣಬಣ್ಣ ಹೊಡೆಯುತ್ತಿದ್ದೀರಿ. ಮಣಿ ಚಂದ, ಪವಾಡ ಚಂದ, ಅಮ್ಮನ ಮೆಣಸಿನಕಾಯಿ ಚಂದ. ಹಾವು ಕಚ್ಚಿದವನನ್ನು ಆಸ್ಪತ್ರೆಗೆ ಕರೆದೊಯ್ಯದೆ ಮಂತ್ರ ಹಾಕಿಸಿದ್ದನ್ನು ನಾನು ನಮ್ಮೂರಲ್ಲಿ ನೋಡಿದ್ದೇನೆ. ಆ ಹುಡುಗ ನನ್ನ ಬೆಂಚಿನಲ್ಲಿ ಕೂರುತ್ತಿದ್ದ. ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು. ಅವರು ಇಂಥದ್ದರ ವಿರುದ್ಧ ಕಾನೂನು ಬೇಕು ಅಂತ ವರ್ಷಗಟ್ಟಲೆ ಕೇಳುತ್ತಿದ್ದವರು. ಇದೇನು ಜಾನಪದ ಮೇಳ ಅಲ್ಲ ಸ್ವಾಮಿ.

ತಿಪಟೂರು ಅವರೇ, ನಿಮ್ಮ ತಂದೆ ಸೋತರು. ಬೇಜಾರಾಗಬೇಡಿ, ಭಯದ ಮುಂದೆ ಎಲ್ಲರೂ ಸೋಲುತ್ತಾರೆ. ಆದರೆ ಸೋಲನ್ನು ಸೋಲು ಅಂತ ಕರೆಯೋಣ.

ಪುಟ್ಟಕ್ಕ_ಹಾಸನ

ಆಪರೇಷನ್ ಆಗಿ ಮನೆಗೆ ಬಂದಿರೋ ಹಿರಿಯರ ಬಗ್ಗೆ ಸ್ವಲ್ಪ ನೋಡಿ ಬರೀರಪ್ಪ.

ಗೂಬೆಕಲ್ಲು

ಪ್ರಶ್ನೆಚಿಹ್ನೆ, ನಿಮ್ಮ ಗೆಳೆಯನ ವಿಷಯ ಓದಿ ಸಂಕಟವಾಯಿತು. ನಿಮ್ಮ ಸಿಟ್ಟು ನ್ಯಾಯವೇ. ಆದರೂ ಇನ್ನೊಂದು ಮಾತು ಹೇಳಲೇಬೇಕು. 'ಅವರಿಗೆ ಕಾರಣ ಗೊತ್ತಿಲ್ಲ, ಅದಕ್ಕೇ ಮಾಟ ಅಂತಾರೆ' ಅನ್ನೋದು ಅರ್ಧಸತ್ಯ.

ಇವಾನ್ಸ್-ಪ್ರಿಚರ್ಡ್ ಅನ್ನೋ ಇಂಗ್ಲಿಷ್ ಸಂಶೋಧಕ 1920ರ ದಶಕದ ಕೊನೆಗೆ ದಕ್ಷಿಣ ಸೂಡಾನಿನ ಅಝಾಂಡೆ ಜನರ ಮಧ್ಯೆ ಇದ್ದ. ಅಲ್ಲಿ ಧಾನ್ಯದ ಕಣಜವನ್ನು ಕಂಬಗಳ ಮೇಲೆ ಎತ್ತರದಲ್ಲಿ ಕಟ್ಟುತ್ತಾರೆ. ಬಿಸಿಲಿನ ಹೊತ್ತು ಅದರ ನೆರಳಿನಲ್ಲಿ ಜನ ಕೂತು ಹರಟೆ ಹೊಡೆಯುತ್ತಾರೆ. ಒಮ್ಮೊಮ್ಮೆ ಕಣಜ ಕುಸಿದು ಕೆಳಗಿದ್ದವರಿಗೆ ಪೆಟ್ಟಾಗುತ್ತೆ. ಯಾಕೆ ಕುಸಿಯಿತು? ಗೆದ್ದಲು ತಿಂದಿತ್ತು. ಅಲ್ಲಿಯ ಪ್ರತಿಯೊಬ್ಬರಿಗೂ ಗೊತ್ತು. ಜನ ಯಾಕೆ ಕೆಳಗಿದ್ದರು? ಬಿಸಿಲು. ಅದೂ ಗೊತ್ತು. ಆದರೆ ಸರಿಯಾಗಿ ಇವರು ಕೂತಿದ್ದ ಹೊತ್ತಿಗೇ ಯಾಕೆ ಕುಸಿಯಿತು? ಇದಕ್ಕೆ ನಮ್ಮ ಹತ್ತಿರ ಇರೋ ಉತ್ತರ 'ಕಾಕತಾಳೀಯ'. ಅವರ ಉತ್ತರ 'ಮಾಟ'.

ಅವರಲ್ಲಿ ಒಂದು ಮಾತಿದೆ, 'ಎರಡನೇ ಭರ್ಜಿ'. ಬೇಟೆಯಲ್ಲಿ ಮೊದಲ ಭರ್ಜಿ ಎಸೆದವನಿಗೂ ಎರಡನೆಯದು ಎಸೆದವನಿಗೂ ಮಾಂಸದಲ್ಲಿ ಪಾಲು. ಇಬ್ಬರೂ ಸೇರಿ ಕೊಂದಂತೆ ಲೆಕ್ಕ. ಆನೆ ತುಳಿದು ಒಬ್ಬ ಸತ್ತರೆ ಆನೆ ಮೊದಲ ಭರ್ಜಿ, ಮಾಟ ಎರಡನೆಯದು. ಆನೆಯನ್ನು ಅವರು ಅಲ್ಲಗಳೆಯಲ್ಲ.

ಡಾಕ್ಟರು ನಿಮಗೆ ರಕ್ತನಾಳ ಬ್ಲಾಕ್ ಆಗಿದೆ ಅಂತಾರೆ. 'ನನಗೇ ಯಾಕೆ, ಈಗಲೇ ಯಾಕೆ' ಅಂತ ಕೇಳಿದರೆ ಸ್ಕ್ಯಾನ್ ರಿಪೋರ್ಟಿನಲ್ಲಿ ಆ ಕಾಲಂ ಇರಲ್ಲ.

ಇನ್ನೂ ಒಂದು. ಅಲ್ಲಿ ಯಾರ ಮೇಲೆ ಅನುಮಾನ ಅಂತ ತಿಳಿಯೋಕೆ ಕೋಳಿಗೆ ವಿಷ ಕುಡಿಸಿ ನೋಡುತ್ತಿದ್ದರು. ಹೆಸರು ಬಂದವನ ಮುಂದೆ ಕೋಳಿಯ ರೆಕ್ಕೆ ಇಡುತ್ತಿದ್ದರು. ಅವನು ಬಾಯಲ್ಲಿ ನೀರು ತುಂಬಿಕೊಂಡು ಅದರ ಮೇಲೆ ಊದಿ, 'ನನ್ನಿಂದ ತೊಂದರೆ ಆಗಿದ್ದರೆ ನನಗೇ ಗೊತ್ತಿಲ್ಲದೆ ಆಗಿದೆ, ತಣ್ಣಗಾಗಲಿ' ಅಂತ ಹೇಳುತ್ತಿದ್ದ. ಬಹಳ ಸಲ ಜಗಳ ಅಲ್ಲಿಗೆ ಮುಗಿಯುತ್ತಿತ್ತು.

ಬಿಸಿಲೂರಿನಾಕಿ

ಎರಡು ದಿನದಿಂದ ಓದುತ್ತಿದ್ದೇನೆ. ಬರೆಯಬೇಕೋ ಬೇಡವೋ ಅಂತ ಯೋಚಿಸಿ ಈಗ ಬರೆಯುತ್ತಿದ್ದೇನೆ.

ನಮ್ಮ ಊರು ಕಲಬುರಗಿ ಜಿಲ್ಲೆ. ಬಾನಾಮತಿ ಅನ್ನೋ ಪದ ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಬಾಜು ಮನೆಯಲ್ಲಿ ಶುರುವಾಯಿತು. ಟ್ರಂಕಿನೊಳಗಿದ್ದ ಬಟ್ಟೆಗೆ ಬೆಂಕಿ ಹತ್ತಿತು. ರಾತ್ರಿ ತಗಡಿನ ಮೇಲೆ ಕಲ್ಲು ಬಿದ್ದವು. ಆಮೇಲೆ ಆ ಮನೆಯ ಸಣ್ಣ ಸೊಸೆ ನಾಯಿ ಹಂಗೆ ಬೊಗಳೋಕೆ ಶುರು ಮಾಡಿದಳು. ಊರಿಗೆ ಊರೇ ಅವರ ಅಂಗಳದಲ್ಲಿ ನಿಂತು ನೋಡುತ್ತಿತ್ತು. ನಾನೂ ನೋಡಿದೆ. ನನಗೆ ಈಗಲೂ ಆ ದನಿ ಕೇಳಿಸುತ್ತದೆ.

ಯಾರು ಮಾಡಿಸಿದರು ಅಂತ ಕೇಳೋಕೆ ಹೊರಗಿನಿಂದ ಒಬ್ಬನನ್ನು ಕರೆಸಿದರು. ಅವನು ಹೆಸರು ಹೇಳಲಿಲ್ಲ. 'ಮನೆ ಮೂಡಣಕ್ಕೆ, ಒಂಟಿ ಜೀವ' ಅಂದ. ಮೂಡಣಕ್ಕೆ ಒಂಟಿಯಾಗಿದ್ದವಳು ನಮ್ಮ ದೊಡ್ಡವ್ವ. ಗಂಡ ಸತ್ತು ಒಂಬತ್ತು ವರ್ಷ ಆಗಿತ್ತು. ಮಕ್ಕಳಿಲ್ಲ. ಹೆಸರಿನಲ್ಲಿ ಎರಡೆಕರೆ ಎರೆಭೂಮಿ.

ಮಾಟ ಮಾಡುವವರ ಹಲ್ಲು ಕಿತ್ತರೆ ಮಂತ್ರ ಹೇಳೋಕೆ ಬರಲ್ಲ ಅಂತ ನಮ್ಮ ಕಡೆ ನಂಬುತ್ತಿದ್ದರು. 'ಹಲ್ಲು ಉದುರಿಸ್ರಿ' ಅಂತ ಕಟ್ಟೆ ಮೇಲೆ ಮಾತಾಯಿತು. ನಮ್ಮಪ್ಪ ಅದೇ ರಾತ್ರಿ ದೊಡ್ಡವ್ವನನ್ನು ಎತ್ತಿನ ಗಾಡಿಯಲ್ಲಿ ಕೂರಿಸಿ, ಮೇಲೆ ಕಣಿಕೆ ಮುಚ್ಚಿ, ಸ್ಟೇಷನ್ನಿಗೆ ಬಿಟ್ಟು ಬಂದರು. ಸೊಲ್ಲಾಪುರದಲ್ಲಿ ಬೀಡಿ ಕಟ್ಟಿ ಬದುಕಿದಳು. ಮತ್ತೆ ಊರಿಗೆ ಬರಲಿಲ್ಲ. ಆ ಎರಡೆಕರೆಯನ್ನು ಮೊದಲು ಬಾಜು ಮನೆಯವರು ಸಾಗುವಳಿ ಮಾಡಿದರು. ಆಮೇಲೆ ಅವರದೇ ಆಯಿತು.

ಗೂಬೆಕಲ್ಲು ಸರ್, ನಿಮ್ಮ ಎರಡನೇ ಭರ್ಜಿ ಮಾತು ಚಲೋ ಅದ. ನಮ್ಮೂರಲ್ಲಿ ಆ ಭರ್ಜಿ ಯಾವಾಗಲೂ ಗಂಡನಿಲ್ಲದ ಹೆಂಗಸಿನ ಕೈಯಲ್ಲೇ ಸಿಗುತ್ತಿತ್ತು. ಗೌಡರ ಕೈಯಲ್ಲಿ ಒಂದು ಸಲವೂ ಸಿಗಲಿಲ್ಲ.

ಬೊಗಳುತ್ತಿದ್ದ ಆ ಸೊಸೆಯ ಬಗ್ಗೆಯೂ ಹೇಳಬೇಕು. ಅವಳಿಗೆ ಹದಿನೆಂಟೋ ಹತ್ತೊಂಬತ್ತೋ. ಮದುವೆಯಾಗಿ ಒಂದು ವರ್ಷ. ಆ ಮನೆಯಲ್ಲಿ ಅವಳ ದನಿ ಅದಕ್ಕೆ ಮುಂಚೆ ನಾವು ಕೇಳಿಯೇ ಇರಲಿಲ್ಲ. ತವರಿಗೆ ಕಳಿಸಿದ ಮೇಲೆ ಬೊಗಳೋದು ನಿಂತಿತು ಅಂತ ಸುದ್ದಿ ಬಂತು. ಅವಳು ನಾಟಕ ಮಾಡಿದಳು ಅಂತ ನಾನು ಹೇಳುತ್ತಿಲ್ಲ. ಮನುಷ್ಯಳಾಗಿ ಮಾತಾಡಿದರೆ ಯಾರೂ ಕೇಳುತ್ತಿರಲಿಲ್ಲ, ಅಷ್ಟೇ ನನಗೆ ಗೊತ್ತು.

ಪ್ರಶ್ನೆಚಿಹ್ನೆ

ಅಕ್ಕಾ, ಬರೆದದ್ದಕ್ಕೆ ಧನ್ಯವಾದ. ನನಗೆ ಬೇರೆ ಮಾತು ತೋಚುತ್ತಿಲ್ಲ.

ಕಡಲತಡಿ

🙏

ವಕೀಲರ_ಕೋಟು

ಬಿಸಿಲೂರಿನಾಕಿ ಅವರ ಪೋಸ್ಟ್ ಆದ ಮೇಲೆ ಕಾನೂನಿನ ಮಾತು ಸಪ್ಪೆ ಅನಿಸಬಹುದು. ಆದರೂ ಯಾರಿಗಾದರೂ ಉಪಯೋಗಕ್ಕೆ ಬರಲಿ.

ನಮ್ಮ ರಾಜ್ಯದಲ್ಲಿ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರದ ವಿರುದ್ಧ 2017ರ ಕಾಯಿದೆ ಇದೆ. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಬಾನಾಮತಿ ಹೆಸರಿನಲ್ಲಿ ಹಿಂಸೆ, ದೆವ್ವ ಬಿಡಿಸುತ್ತೇವೆ ಅಂತ ಹೊಡೆಯೋದು, ಎಂಜಲೆಲೆ ಮೇಲೆ ಉರುಳುವ ಮಡೆಸ್ನಾನ, ಹಾವು ಚೇಳು ನಾಯಿ ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕೋದು, ಇವೆಲ್ಲ ಅಪರಾಧ. ಒಂದರಿಂದ ಏಳು ವರ್ಷ ಜೈಲು, 5,000ದಿಂದ 50,000 ರೂಪಾಯಿವರೆಗೆ ದಂಡ. ಜ್ಯೋತಿಷ್ಯ, ವಾಸ್ತು, ಪೂಜೆ, ಪ್ರದಕ್ಷಿಣೆಯನ್ನು ಕಾಯಿದೆ ಹೊರಗಿಟ್ಟಿದೆ. ಹಾಗಾಗಿ ತಿಪಟೂರಿನ ಅಮ್ಮನವರ ಮೆಣಸಿನಕಾಯಿಗೆ ಜಾಮೀನು ಬೇಕಿಲ್ಲ.

ಕೊಳ್ಳೇಗಾಲದವರೇ, ಮಂತ್ರದಿಂದ ರೋಗ ವಾಸಿ ಮಾಡುತ್ತೇವೆ ಅನ್ನೋ ಜಾಹೀರಾತಿನ ವಿರುದ್ಧ 1954ರಿಂದಲೇ ಕೇಂದ್ರದ ಕಾನೂನಿದೆ. ಬಸ್ಟ್ಯಾಂಡಿನ ಗೋಡೆಗೆ ಮಾತ್ರ ಅದನ್ನು ಯಾರೂ ಓದಿ ಹೇಳಿಲ್ಲ.

ಹೆಂಗಸರಿಗೆ ಮಾಟಗಾತಿ ಹಣೆಪಟ್ಟಿ ಕಟ್ಟೋದರ ವಿರುದ್ಧ ಬಿಹಾರ 1999ರಲ್ಲೇ ಕಾನೂನು ಮಾಡಿತು. ಅಸ್ಸಾಮಿನಲ್ಲಿ ಬೀರುಬಾಲಾ ರಾಭಾ ಅನ್ನೋ ಹಳ್ಳಿಯ ಹೆಂಗಸು ಊರೂರು ಸುತ್ತಿ ಇದರ ವಿರುದ್ಧ ಹೋರಾಡಿದರು. ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಅಲ್ಲೂ ಎಷ್ಟೋ ಕೇಸುಗಳನ್ನು ಕೆದಕಿದರೆ ಕೆಳಗೆ ಜಮೀನಿನ ಪಹಣಿ ಸಿಗುತ್ತೆ ಅಂತ ಅಲ್ಲಿ ಕೆಲಸ ಮಾಡಿದ ಗೆಳೆಯರು ಹೇಳುತ್ತಾರೆ.

ತೆಂಕಣದಿಕ್ಕು

ಒಂದು ವಿನಂತಿ. ಮಾತು ಹೀಗೇ ಮುಂದುವರಿದರೆ ಯಾರಾದರೂ ತುಳುನಾಡಿನ ದೈವಗಳನ್ನೂ ಇದೇ ಗಂಟಿಗೆ ಕಟ್ಟುತ್ತಾರೆ. ಹಾಗೆ ಮಾಡಬೇಡಿ ಮಾರಾಯ್ರೆ. ಬರ್ನೆಲ್ ಅನ್ನೋ ಬ್ರಿಟಿಷ್ ಅಧಿಕಾರಿ ಪಾಡ್ದನಗಳನ್ನು, ಅಂದರೆ ದೈವಗಳ ಕಥೆ ಹೇಳುವ ತುಳು ಹಾಡುಗಳನ್ನು, ಸಂಗ್ರಹಿಸಿದ, ಅದಕ್ಕೆ ಋಣಿಯಾಗಿದ್ದೇವೆ. ಆದರೆ 1890ರ ದಶಕದಲ್ಲಿ ಅದು ಅಚ್ಚಾದಾಗ ಅದರ ಹೆಸರು ತುಳುವರ 'ಪಿಶಾಚಿ ಪೂಜೆ'. ಆ ಪದ ಇವತ್ತಿಗೂ ಕಚ್ಚುತ್ತದೆ.

ಕಲ್ಕುಡನ ಪಾಡ್ದನ ಕೇಳಿ. ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದ ಶಿಲ್ಪಿ. ಇಂಥದ್ದನ್ನು ಇನ್ನೆಲ್ಲೂ ಕಡೆಯಬಾರದು ಅಂತ ಅರಸ ಅವನ ಎಡಗೈ, ಬಲಗಾಲು ಕಡಿಸುತ್ತಾನೆ. ಅವನು ಉಳಿದ ಒಂದು ಕೈ, ಒಂದು ಕಾಲಿನಲ್ಲಿ ವೇಣೂರಿಗೆ ಹೋಗಿ ಇನ್ನೊಂದು ಗೊಮ್ಮಟನನ್ನು ಕಡೆಯುತ್ತಾನೆ. ತಂಗಿ ಕಲ್ಲುರ್ಟಿ ಅಣ್ಣನ ಸ್ಥಿತಿ ನೋಡಿ ಉರಿದೇಳುತ್ತಾಳೆ. ಇಬ್ಬರೂ ಮಾಯವಾಗಿ ದೈವಗಳಾಗುತ್ತಾರೆ, ಅರಸನ ಊರಿಗೆ ಬೆಂಕಿ ಹಾಕುತ್ತಾರೆ. ಕಾರ್ಕಳದ ಗೊಮ್ಮಟ 1432ರದ್ದು, ವೇಣೂರಿನದ್ದು 1604ರದ್ದು. ನಡುವೆ 172 ವರ್ಷ. ಇತಿಹಾಸದ ಮೇಷ್ಟ್ರು ಇದನ್ನು ತಪ್ಪು ಅನ್ನುತ್ತಾರೆ. ಪಾಡ್ದನಕ್ಕೆ ಇಸವಿಯ ಗೊಡವೆ ಇಲ್ಲ. ಕೈ ಕಡಿದವನಿಗೆ ಶಿಕ್ಷೆ ಆಯಿತಾ ಅನ್ನುವುದಷ್ಟೇ ಅದಕ್ಕೆ ಬೇಕು.

ನೇಮದ, ಅಂದರೆ ದೈವದ ಉತ್ಸವದ ರಾತ್ರಿ ದೈವ ನುಡಿ ಕೊಡುವಾಗ ಜಾಗದ ತಕರಾರು, ಅಣ್ಣತಮ್ಮಂದಿರ ಜಗಳ ಎಲ್ಲ ಎದುರಿಗೆ ಬರುತ್ತದೆ. ಕೋರ್ಟಿನಲ್ಲಿ ಇಪ್ಪತ್ತು ವರ್ಷ ಮುಖ ನೋಡದವರು ಅಲ್ಲಿ ಒಟ್ಟಿಗೆ ನಿಲ್ಲುತ್ತಾರೆ. ಇದು ಮಾಟವಾ?

ಬಿಸಿಲೂರಿನಾಕಿ

ಒಂದು ಪ್ರಶ್ನೆ, ಜಗಳಕ್ಕಲ್ಲ. ದೈವ ಮೈಮೇಲೆ ಬರುವ ಮನುಷ್ಯನಿಗೆ ಬೆಳಿಗ್ಗೆ ಏನಾಗುತ್ತದೆ?

ತೆಂಕಣದಿಕ್ಕು

ಸರಿಯಾದ ಕಡೆಗೇ ಕೈ ಹಾಕಿದಿರಿ. ನಲಿಕೆ, ಪರವ, ಪಂಬದ ಸಮುದಾಯದವರು ದೈವದ ವೇಷ ಕಟ್ಟುವುದು. ರಾತ್ರಿ ಬೆನ್ನಿಗೆ ದೊಡ್ಡ ಅಣಿಯ ಅಲಂಕಾರ ಕಟ್ಟಿ ನಿಂತಾಗ ಗುತ್ತಿನ (ಊರಿನ ದೊಡ್ಡ ಮನೆಯ) ಯಜಮಾನ ಅವರೆದುರು ಕೈ ಮುಗಿದು ನಿಲ್ಲುತ್ತಾನೆ, ಬೈದರೆ ಬೈಸಿಕೊಳ್ಳುತ್ತಾನೆ. ಬೆಳಿಗ್ಗೆ ಬಣ್ಣ ಅಳಿಸಿದ ಮೇಲೆ ಹಿಂದೆಲ್ಲ ಅದೇ ಮನೆಯ ಚಾವಡಿಗೆ ಅವರು ಹತ್ತುವಂತಿರಲಿಲ್ಲ. ಈಗ ಬದಲಾಗಿದೆ. ಪೂರ್ತಿ ಬದಲಾಗಿದೆ ಅಂತ ಹೇಳಿದರೆ ದೈವದೆದುರು ಸುಳ್ಳು ಹೇಳಿದ ಹಾಗೆ.

ಪ್ರಶ್ನೆಚಿಹ್ನೆ

ಹಾಗಾದರೆ ಕೇಳುತ್ತೇನೆ. ನನ್ನದು ದೈವ, ಪಕ್ಕದ ಊರಿನದು ಮಾಟ. ಈ ಗೆರೆ ಎಳೆಯೋದು ಯಾರು?

ಗೂಬೆಕಲ್ಲು

ಯಾವಾಗಲೂ ಗೆದ್ದವರು. ಯುರೋಪಿನಲ್ಲಿ ಚರ್ಚಿನ ಪಾದ್ರಿ ನೀರಿಗೆ ಪ್ರಾರ್ಥನೆ ಹೇಳಿ ಹೊಲಕ್ಕೆ ಚಿಮುಕಿಸಿದರೆ ಆಶೀರ್ವಾದ. ಅದೇ ಊರಿನ ಮುದುಕಿ ಗಿಡಮೂಲಿಕೆಗೆ ಅದೇ ಪ್ರಾರ್ಥನೆ ಹೇಳಿದರೆ ಮಾಟ. ನಮ್ಮಲ್ಲೂ ಹಾಗೇ. ಮಳೆ ಬರಲಿಲ್ಲ ಅಂದರೆ ಹಳ್ಳಿ ಮಕ್ಕಳು ಮಳೆರಾಯನನ್ನು ಹೊತ್ತು ಬೀದಿ ಸುತ್ತುತ್ತಾರೆ, ಉತ್ತರದ ಕಡೆ ಗುರ್ಜಿ ಆಡುತ್ತಾರೆ. ಅದಕ್ಕೆ ನಾವು 'ಜಾನಪದ' ಅಂತೀವಿ. 2019ರಲ್ಲಿ ಮುಜರಾಯಿ ಇಲಾಖೆ ದೇವಸ್ಥಾನಗಳಲ್ಲಿ ಪರ್ಜನ್ಯ ಜಪ ಮಾಡಿಸಿ ಅಂತ ಸುತ್ತೋಲೆ ಹೊರಡಿಸಿತು. ಅದಕ್ಕೆ ಸರ್ಕಾರಿ ಮೊಹರು ಇತ್ತು. 2017ರಲ್ಲಿ 'ವರ್ಷಧಾರೆ' ಅಂತ ವಿಮಾನದಲ್ಲಿ ಮೋಡ ಬಿತ್ತನೆ ಮಾಡಿದರು. ಅದು ವಿಜ್ಞಾನ, ಒಪ್ಪಿದೆ. ಆದರೆ ಮಳೆ ಬಂದಾಗ ಇದರಿಂದಲೇ ಬಂತು ಅಂತ ಮೂವರೂ ಹೇಳಿಕೊಳ್ಳಬಹುದು, ಬರದಿದ್ದರೆ ಮೂವರಿಗೂ ನೆಪ ಇದೆ.

ಬಿಸಿಲೂರಿನಾಕಿ

ನನ್ನ ಗೆರೆ ಬೇರೆ. ಉಪ್ಪು ಯಾರ ಮೇಲೂ ಬೆರಳು ತೋರಿಸಲ್ಲ. 'ಊರ ಕಣ್ಣು, ಕೇರಿ ಕಣ್ಣು' ಅನ್ನುವಾಗ ಇಡೀ ಊರು ಬಂತು, ಅಂದರೆ ಯಾರೂ ಬರಲಿಲ್ಲ. ಹೆಸರು ಕೇಳೋಕೆ ಶುರು ಮಾಡಿದ ಗಳಿಗೆಯಿಂದ ನನಗೆ ಭಯ.

ಕೊಳ್ಳೇಗಾಲದೋನು

ಅಕ್ಕಾ, ಇದನ್ನ ಬಸ್ಟ್ಯಾಂಡ್ ಗೋಡೆ ಮೇಲೆ ಬರೆಸಬೇಕು.

ತಿಪಟೂರು_ತೆಂಗು

ಎಲ್ಲರಿಗೂ ನಮಸ್ಕಾರ. ಚರ್ಚೆ ಇಷ್ಟು ದೂರ ಹೋಗುತ್ತೆ ಅಂದುಕೊಂಡಿರಲಿಲ್ಲ. ಬಿಸಿಲೂರಿನ ಅಕ್ಕ ಬರೆದದ್ದನ್ನ ಅಪ್ಪನಿಗೆ ಓದಿ ಹೇಳಿದೆ. ಸುಮಾರು ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ದೊಡ್ಡವ್ವನ ಎರಡೆಕರೆ ವಿಚಾರ ಇನ್ನೊಂದು ಸಲ ಓದಿಸಿದರು.

ಆಗ ಧೈರ್ಯ ಮಾಡಿ ಕೇಳಿಯೇ ಬಿಟ್ಟೆ. 'ಅಪ್ಪಾ, ಅವತ್ತು ಯಾಕೆ ತೆಗೆಸಿಕೊಂಡ್ರಿ?'

ಅಪ್ಪ ಅಂದರು, 'ನನಗೆ ಅನಸ್ತೇಶಿಯಾ ಕೊಡ್ತಾರೆ ಕಣೋ. ಐದಾರು ಗಂಟೆ ನನಗೇನೂ ಗೊತ್ತಾಗಲ್ಲ. ಹೊರಗೆ ಆ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರೋಳು ನಿಮ್ಮಮ್ಮ. ಅವಳಿಗೆ ಯಾರು ಕೊಡ್ತಾರೆ?'

ಪ್ರಶ್ನೆಚಿಹ್ನೆ ಅವರೇ, ಸೋಲಿನ ವಿಷಯವನ್ನೂ ಹೇಳಿದೆ. ನಕ್ಕರು. 'ಆ ಹುಡುಗನ ಗೆಳೆಯನಿಗೆ ಹಾಗಾಗಿದ್ದರೆ ಅವನು ಹಾಗೇ ಮಾತಾಡಬೇಕು' ಅಂದರು.

ಪುಟ್ಟಕ್ಕ_ಹಾಸನ

ಅಯ್ಯೋ ಕಣ್ಣಲ್ಲಿ ನೀರು ಬಂತು. ಸರಿ, ಆ ಪೊಟ್ಟಣ ಏನಾಯ್ತು?

ತಿಪಟೂರು_ತೆಂಗು

ಅಕ್ಕಾ, ನೀವು ಬಿಡಲ್ಲ! ಅಮ್ಮ ಅದನ್ನ ಬಿಸಾಡಿರಲಿಲ್ಲ. ನಿನ್ನೆ ಅಮಾವಾಸ್ಯೆ ನೋಡಿ ಗ್ಯಾಸ್ ಒಲೆಗೆ ಹಾಕಿದರು. ಇಡೀ ಮನೆ ಘಾಟು. ಬೈಪಾಸ್ ಆದವರು ಕೆಮ್ಮುವಾಗ ಎದೆಗೆ ದಿಂಬು ಅಪ್ಪಿಕೊಳ್ಳಬೇಕು ಅಂತ ಡಾಕ್ಟರು ಹೇಳಿದ್ದರು. ಅಪ್ಪ ದಿಂಬು ಅಪ್ಪಿಕೊಂಡು ಕೆಮ್ಮುತ್ತಾ ನಡುಮನೆಯಿಂದ ಕೂಗಿದರು, 'ಏನೇ ಇದು!'

ಅಮ್ಮ ಅಡುಗೆ ಮನೆಯಿಂದ, 'ಘಾಟು ಬಂತು ನೋಡಿ, ದೃಷ್ಟಿ ಎಲ್ಲ ಹೋಗಿದೆ.'

ಅಪ್ಪ, 'ಬರದಿದ್ದರೆ?'

'ಬರದಿದ್ದರೆ ಇನ್ನೂ ಇದೆ ಅಂತ. ಇನ್ನೊಂದು ಸಲ ತೆಗೀತಿದ್ದೆ.'

'ಬಂದರೂ ನೀನೇ ಗೆದ್ದೆ, ಬರದಿದ್ದರೂ ನೀನೇ ಗೆದ್ದೆ. ಇದನ್ನ ಪ್ರಯೋಗ ಅನ್ನಲ್ಲ ಕಣೇ' ಅಂತ ಅಪ್ಪ ದಿಂಬು ಹಿಡಿದುಕೊಂಡೇ ಪಾಠ ಶುರು ಮಾಡಿದರು. ನಾನು ಕಿಟಕಿ ತೆಗೆಯೋಕೆ ಎದ್ದೆ.